ಹಸಿಮರದ ಪಟ್ಟಿ

ಅವನು ದುಡಿಯುತ್ತಿದ್ದ ಮರಗೆಲಸದ ಕಾರ್ಖಾನೆಗೆ ಅವನ ಭಾವನೇ ಮೇಸ್ತ್ರಿ. ಅವನು ಕೊಯ್ದ ಹಲಗೆಗೆ ಭಾವ ಎಲ್ಲರ ಎದುರಿಗೆ, ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ ಹಿಡಿದು, ಕಿಟಕಿಯತ್ತ ಎತ್ತಿ ತೋರಿಸುತ್ತಿದ್ದರು. "ಬೆಳಕು ಬರ್ತಿದೆ ನೋಡೋ!" ಸಂದಿನಲ್ಲಿ ಬೆಳಕು ಕಂಡರೆ ಕೊಯ್ದದ್ದು ಸೊಟ್ಟ ಅಂತ. ಅಷ್ಟೇ. ಬೈದುಬಿಟ್ಟಿದ್ದರೆ ವಾಸಿ ಇತ್ತು. ಹನ್ನೆರಡು ವರ್ಷ ಅದೇ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಅಕ್ಕನ ಜೊತೆ ತನ್ನನ್ನೂ ಮನೆಯಲ್ಲಿಟ್ಟುಕೊಂಡು ಸಾಕಿದ್ದು ಇದೇ ಭಾವ, ಉಳಿ ಹಿಡಿಯೋದು ಕಲಿಸಿದ್ದೂ ಇದೇ ಭಾವ. ಅದನ್ನು ನೆನೆದರೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಷ್ಟೂ ಸಿಟ್ಟು ಏರುತ್ತಿತ್ತು.

ಭಾವನ ಕಣ್ಣು ಮಂಜಾಗುತ್ತಿದೆ ಅಂತ ಯಜಮಾನರಿಗೂ ಅನುಮಾನವಿತ್ತು. ಒಂದೇ ಒಂದು ದೊಡ್ಡ ಕೆಲಸ ಕೆಟ್ಟರೆ ಸಾಕು, ಮೇಸ್ತ್ರಿಗಿರಿ ತನಗೆ. ಯಾರಿಗೂ ಪೆಟ್ಟಾಗಬಾರದು, ಯಾರ ಬೆರಳೂ ಹೋಗಬಾರದು. ಬರೀ ಕೂದಲೆಳೆಯಷ್ಟು ಸೊಟ್ಟ. ತಾನೇನು ಕಟುಕನೇ?

ಗರಗಸದ ಮೇಜಿನ ಮೇಲೆ ಹಲಗೆಯನ್ನಿಟ್ಟು ನೇರವಾಗಿ ತಳ್ಳುವುದಕ್ಕೆ ಒಂದು ಮಣೆ ಬೇಕು. ಹಳೆಯದು ಸವೆದು ಹೋಗಿತ್ತು. "ಹೊಸದು ನಾನೇ ಮಾಡಿಕೊಡ್ತೀನಿ, ಭಾವ," ಎಂದ. ಭಾವನ ಮುಖ ಅರಳಿತು.

ಮಣೆಗೆ ಒಳ್ಳೇ ಪ್ಲೈವುಡ್ಡನ್ನೇ ಆರಿಸಿದ. ಕಳಪೆಯದು ಹಾಕಿ ಬಾಗಿದರೆ ಯಾರಿಗಾದರೂ ಕಾಣುತ್ತದೆ. ಹಲಗೆ ಒತ್ತಿ ನಿಲ್ಲುವ ತಡೆಗೆ ಗಂಟಿಲ್ಲದ ತೇಗ. ಅಂಟಿನಲ್ಲೂ ಜಿಪುಣತನ ಮಾಡಲಿಲ್ಲ. ಮೋಸವೆಲ್ಲ ಮಣೆಯ ಅಡಿಯಲ್ಲಿ, ಮೇಜಿನ ಉದ್ದನೆಯ ಸಂದಿನೊಳಗೆ ಜಾರುವ ಪಟ್ಟಿಯಲ್ಲಿ. ಕಬ್ಬಿಣದ್ದು ಹಾಕಬಹುದಿತ್ತು, ಅದು ಕುಗ್ಗುವುದಿಲ್ಲ. ಅವನು ಆರಿಸಿದ್ದು ಮೊನ್ನೆ ಮೊನ್ನೆ ಕಡಿದ ಹಸಿಮರ. ಇವತ್ತು ಸಂದಿನಲ್ಲಿ ಬಿಗಿಯಾಗಿ ಕೂರುತ್ತದೆ. ವಾರ ಕಳೆದರೆ ಒಣಗಿ ಸಣ್ಣಗಾಗುತ್ತದೆ. ಮಣೆ ಅಲ್ಲಾಡುತ್ತದೆ, ಕೊಯ್ದದ್ದು ಸೊಟ್ಟಗಾಗುತ್ತದೆ. ಮರ ಒಣಗಿದ್ದಕ್ಕೆ ಯಾರ ಮೇಲೆ ಅಂತ ದೂರು ಹೇಳುತ್ತಾರೆ?

ಕೊಟ್ಟ ದಿನ ಭಾವ ಅದರಲ್ಲಿ ಒಂದು ತುಂಡು ಕೊಯ್ದು, ಮೂಲೆಮಟ್ಟ ಹಿಡಿದು ಕಿಟಕಿಯತ್ತ ಎತ್ತಿದರು. ಬೆಳಕು ಬರಲಿಲ್ಲ. "ಭೇಷ್ ಕಣೋ!" ಎಂದು ಬೆನ್ನು ತಟ್ಟಿದರು. ಆ ದಿನವೆಲ್ಲ ಅವನಿಗೆ ಭಾವನ ಮುಖ ನೋಡಲಾಗಲಿಲ್ಲ.

ಮಾರನೆಯ ದಿನ ಚಹಾ ಕುಡಿಯುವಾಗ ಭಾವ ಇದ್ದಕ್ಕಿದ್ದಂತೆ ಕೇಳಿದರು, "ಮೇಸ್ತ್ರಿ ಆಗ್ಬೇಕು ಅಂತ ಅಷ್ಟೊಂದು ಆಸೇನೇನೋ ನಿಂಗೆ?"

"ಯಾರಿಗಿರಲ್ಲ, ಭಾವ?" ಎಂದು ನಕ್ಕುಬಿಟ್ಟ. ಭಾವ ಲೋಟ ತೊಳೆದಿಟ್ಟು ಕೆಲಸಕ್ಕೆ ಎದ್ದರು.

ಹತ್ತು ದಿನದ ಮೇಲೆ, ಆಸ್ಪತ್ರೆಯೊಂದರ ಔಷಧಿ ಕಪಾಟಿಗೆ ಅರವತ್ತು ಡ್ರಾಯರುಗಳನ್ನು ಭಾವ ಒಬ್ಬರೇ ಕೊಯ್ದರು. ಮೂಲೆಗಳು ಒಂದಕ್ಕೊಂದು ಕೂಡಲಿಲ್ಲ. ಅಷ್ಟೂ ವಾಪಸ್ ಬಂದವು. ಯಜಮಾನರು ಎಲ್ಲರ ಮುಂದೆ ಒಂದಕ್ಕೆ ಮೂಲೆಮಟ್ಟ ಹಿಡಿದರು; ಬೆಳಕು ಬಂತು. ಭಾವ ತಲೆ ತಗ್ಗಿಸಿ, "ಕಣ್ಣು ಕೈಕೊಡ್ತು, ಯಜಮಾನ್ರೇ. ನನ್ನ ಭಾಮೈದನಿಗೆ ವಹಿಸಿ," ಎಂದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವನಿಗೆ. ಆದರೂ ಮೇಸ್ತ್ರಿಗಿರಿ ಒಪ್ಪಿಕೊಂಡ.

ಮೇಸ್ತ್ರಿಯಾದ ಮೊದಲ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದ. ಹಸಿಮರದ ಪಟ್ಟಿ ಕಿತ್ತು ಒಣಗಿದ್ದು ಹಾಕಿಬಿಟ್ಟರೆ ಗುರುತೇ ಉಳಿಯದು. ಮಣೆಯನ್ನು ಮಗುಚಿದ. ಅಲ್ಲಿದ್ದದ್ದು ಅವನ ಪಟ್ಟಿಯಲ್ಲ. ಚೆನ್ನಾಗಿ ಒಣಗಿದ ಹಳೇ ತೇಗ, ಮೇಣ ತಿಕ್ಕಿ ನುಣುಪು ಮಾಡಿದ್ದು. ಸಂದಿಗಿಟ್ಟು ಅಲ್ಲಾಡಿಸಿ ನೋಡಿದ, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಹನ್ನೆರಡು ವರ್ಷ ದಿನಾ ಕಂಡೂ ಲೆಕ್ಕಕ್ಕಿಡದ ಒಂದು ಸಂಗತಿ ಆಗ ನೆನಪಾಯಿತು: ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಭಾವ ಮಣೆ ಮಗುಚಿ, ಅಡಿಯ ಪಟ್ಟಿಗೆ ಹೆಬ್ಬೆರಳಲ್ಲಿ ಮೇಣ ತಿಕ್ಕುತ್ತಿದ್ದರು. ಹಸಿಮರ ಯಾವುದು ಅಂತ ತಿಳಿಯೋದಕ್ಕೆ ಆ ಹೆಬ್ಬೆರಳಿಗೆ ಕಣ್ಣು ಬೇಕಿರಲಿಲ್ಲ. ಪಟ್ಟಿಯ ಪಕ್ಕದಲ್ಲಿ, ಯಾವ ದುರಸ್ತಿ ಮಾಡಿದರೂ ಬರೆಯುವಂತೆ, ಭಾವ ಪೆನ್ಸಿಲಿನಲ್ಲಿ ತಾರೀಕು ಬರೆದಿದ್ದರು. ಚಹಾ ಕುಡಿಯುತ್ತ ಆ ಪ್ರಶ್ನೆ ಕೇಳಿದ ದಿನ ಅದು. ಅಂದರೆ ಅರವತ್ತು ಡ್ರಾಯರುಗಳನ್ನೂ ಭಾವ ಈ ನೇರ ಮಣೆಯ ಮೇಲೆಯೇ, ಹಲಗೆಯನ್ನು ತಡೆಯಿಂದ ಕೂದಲೆಳೆಯಷ್ಟು ಸರಿಸಿಟ್ಟು, ಬೇಕೆಂದೇ ಒಂದೊಂದಾಗಿ ಸೊಟ್ಟಗೆ ಕೊಯ್ದಿದ್ದರು.