ಯಂತ್ರಕ್ಕೆ ಕಲಿಸಿದ ಸುಳ್ಳು

"ನಿಲ್ಸ್ರಿ!... ಅವು ಜೀವಂತ ಅವ!"

ವೃಂದಾ ಕೂಗಿದ ರಭಸಕ್ಕೆ ತರುಣ ಬೆಚ್ಚಿ ಗುಂಡಿ ಒತ್ತಿದ. ತಟ್ಟೆ ಹಿಡಿದಿದ್ದ ಯಂತ್ರದ ತೋಳು ಸ್ತಬ್ಧವಾಯಿತು.

ಅಫಜಲಪುರದ ಆ ಸಂಶೋಧನಾ ಕೇಂದ್ರದಲ್ಲಿ ವೃಂದಾ ಹೃದಯದ ಜೀವಕೋಶಗಳನ್ನು ಬೆಳೆಸುತ್ತಿದ್ದಳು. ಹೊಸ ಔಷಧಿಗಳ ಮೊದಲ ಪರೀಕ್ಷೆ ಅವುಗಳ ಮೇಲೆಯೇ. ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಬಂದವನು ಈ ತರುಣ, ಜೇವರ್ಗಿಯ ಎಂಜಿನಿಯರ್ ಅರುಣಕುಮಾರ.

"ನೀವು ಇಷ್ಟು ಜೋರ ಒದರಿದ್ರ ಅವು ಬದುಕ್ತಾವೇನ್ರಿ ಮೇಡಂ?"

ನಗು ಉಕ್ಕಿತು. ಅವಳು ತೋರಗೊಡಲಿಲ್ಲ.

"ಈ ತೋಳಿಗೆ ಮಾತು ತಿಳಿಯಂಗಿಲ್ರಿ. ಕೈ ಹಿಡಿದು ಆಡಿಸಿದ್ರ ಕಲೀತದ."

"ಕೂಸಿನಂಗೇನ್ರಿ?"

"ಹೌದ್ರಿ. ಕಲಿಸಿದವರನ್ನ ಪೂರಾ ನಂಬ್ತದ."

ವಾರಗಳು ಉರುಳಿದವು. ಯಂತ್ರ ಕಲಿಯಿತು, ಮಧ್ಯಾಹ್ನದ ರೊಟ್ಟಿ, ಶೇಂಗಾ ಚಟ್ನಿ ಇಬ್ಬರ ನಡುವೆ ಹಂಚಿಕೆಯಾಯಿತು. ಅವನ ಹೆಜ್ಜೆಯ ಸಪ್ಪಳವನ್ನು ಅವಳ ಮನಸ್ಸು ಕಾಯತೊಡಗಿತು.

ಅಷ್ಟರಲ್ಲಿ ಸಹೋದ್ಯೋಗಿ ಮಹೆಕ ಛೇಡಿಸಿದಳು: "ಏನ್ ಬೇ, ನಗ್ತಾ ನಗ್ತಾ ನಿನ್ನ ನೌಕರಿ ಅವನ ಯಂತ್ರಕ್ಕ ಕೊಡಾಕತ್ತಿಯಲ್ಲ!"

ತಮಾಷೆಯ ಮಾತು. ಆದರೆ ಎದೆಗೆ ನಾಟಿತು. 'ಈ ಸಲಿಗೆ... ಇದಕ್ಕೇನಾ?'

ಉಳಿದದ್ದು ಕೊನೆಯ ಪಾಠ. ಕೋಶಗಳನ್ನು ತಟ್ಟೆಗೆ ಸುರಿದ ಮೇಲೆ, ಅದನ್ನು ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ ನೇರವಾಗಿ ಸರಿಸಬೇಕು. ಆಗ ಮಾತ್ರ ಅವು ಸಮನಾಗಿ ಹರಡುತ್ತವೆ. ದುಂಡಗೆ ತಿರುಗಿಸಿದರೆ ನಡುವೆ ಗುಂಪುಗೂಡಿ ಹಾಳಾಗುತ್ತವೆ.

ಅಂದು ವೃಂದಾ ಯಂತ್ರದ ತೋಳು ಹಿಡಿದಳು... ದುಂಡಗೆ ತಿರುಗಿಸಿದಳು!

ಮರುದಿನ ನಿರ್ದೇಶಕ ಹಣಮಂತರಾಯರ ಎದುರು ಪರೀಕ್ಷೆ. ಯಂತ್ರ ಸೋತರೆ ಅದರೊಂದಿಗೆ ಅರುಣಕುಮಾರನೂ ಹೊರಡಬೇಕು.

"ಮೊದಲ ಒಂದೇ ತಟ್ಟೆ ಹಾಕಿ ನೋಡೋಣೇನು?" ಎಂದರು ರಾಯರು.

"ಬ್ಯಾಡ್ರಿ ಸರ್. ಕಲಿಸಿದವರು ವೃಂದಾ ಮೇಡಂ. ಅವರು ಬೆಳೆಸಿದ್ದೆಲ್ಲಾ ಒಮ್ಮೆಲೆ ಹಾಕ್ತೇನಿ."

ಅವನು ಅವಳತ್ತ ನೋಡಿ ನಕ್ಕ. ಎಂಥ ನಿಶ್ಚಿಂತ ನಗು!

ತೋಳು ಕೆಳಗಿಳಿಯಿತು. ವೃಂದಾ ಧಾವಿಸಿ ಕೆಂಪು ಗುಂಡಿ ಒತ್ತಿದಳು.

"ನಾ ತಪ್ಪು ಕಲಿಸೇನ್ರಿ ಸರ್... ಬೇಕಂತ್ಲೇ. ನೌಕರಿ ಹೋಗ್ತದಂತ ಅಂಜಿದ್ದೆ. ಅವರದೇನೂ ತಪ್ಪಿಲ್ಲ."

ರಾಯರು ದೀರ್ಘವಾಗಿ ಉಸಿರುಬಿಟ್ಟರು. "ಯಂತ್ರ ತಟ್ಟೆ ಸರಿಸ್ತದಮ್ಮ. ಕೋಶ ನೋಡಿ ಚಲೋನೋ ಕೆಟ್ಟೋ ಹೇಳಾಕ ನೀನೇ ಬೇಕು. ಇಂಥಾದ್ದು ಮತ್ತ ಆಗಬಾರದು. ಸಂಜಿ ಅನ್ನೋದ್ರಾಗ ಸರಿ ಕಲಿಸು."

ಅವರು ಹೊರನಡೆದರು.

"ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ?" ಅರುಣಕುಮಾರನ ದನಿ ನೊಂದಿತ್ತು.

"ನಿಮ್ಮನ್ನ ಕೇಳಿ, ನೀವು ಸುಳ್ಳು ಹೇಳಿದ್ರ... ಅದನ್ನೂ ನಂಬಿಬಿಡ್ತೀನಿ ಅಂತ ಅಂಜಿಕಿ ಆತ್ರಿ."

ಅವನು ಅವಳ ಹತ್ತಿರ ಬಂದ.

"ಕೋಶಕ್ಕ ಊಟ ಹಾಕಬೇಕಂತ ನೀವು ಐತವಾರನೂ ನಿಮ್ಮೂರು ಆಳಂದಕ್ಕ ಹೋಗಂಗಿಲ್ಲ. ಅದೊಂದು ದಿನ ನಿಮಗ ಬಿಡಿಸಿಕೊಡಾಕ ಇಷ್ಟು ದುಡಿದೇನ್ರಿ. ಅರ್ಧ ದಿನ ನಿಮ್ಮ ಅವ್ವಗ... ಉಳಿದರ್ಧ ನನಗ ಕೊಡ್ತೀರಿ ಅನ್ನೋ ಆಸೇಲೆ."

ಅವಳ ಕಣ್ಣು ತುಂಬಿದವು.

"ಅರ್ಧ ಯಾಕ್ರಿ? ನೀವೂ ಆಳಂದಕ್ಕ ಬರ್ರಿ."

"ಯಾರಂತ ಹೇಳ್ತೀರಿ ಅವ್ವಗ? ಯಂತ್ರ ರಿಪೇರಿಯವ ಅಂದ್ಬಿಡ್ರಿ."

"ಸುಳ್ಳು ಸಾಕ್ರಿ ಇನ್ನ..." ಅವಳು ಅವನ ಕೈ ಹಿಡಿದಳು. "ಖರೇನ ಹೇಳ್ತೇನಿ."