ತೊಂಬತ್ತೆಂಟರ ಕಾಗದ

"ಹೊಸಾ ಕಂಪ್ಯೂಟರ್ ತಗೋರಿ ಅಂತ ಹೇಳಾಕ ಬಂದಿದ್ರ, ಹಂಗ ತಿರುಗಿ ಗೋಕಾಕಕ್ಕ ಹೋಗ್ರಿ!"

ಶೈಲಾಳ ಮಾತಿಗೆ ಕಂಪ್ಯೂಟರ್ ರಿಪೇರಿಯ ಸೋಮಶೇಖರ ಬಾಗಿಲಲ್ಲೇ ನಿಂತು ನಕ್ಕ. "ಮೊದಲ ನೀರು ಕೊಡ್ರಿ ಬಾಯಾರ. ಆಮ್ಯಾಲ ಬೈರಿ."

ಮೂಡಲಗಿಯಲ್ಲಿ ಶೈಲಾ ಒಬ್ಬಳೇ ಕಟ್ಟಿ ನಿಲ್ಲಿಸಿದ ಕಸೂತಿ ಅಂಗಡಿ ಅದು. ಅಲ್ಲಿನ ಕಸೂತಿ ಯಂತ್ರ ಕಂಪ್ಯೂಟರಿನ ಹಳೆಯ ತಂತ್ರಾಂಶ ಲಿನಕ್ಸ್‌ನ ಮಾತನ್ನಷ್ಟೇ ಕೇಳುತ್ತಿತ್ತು. ಅದನ್ನು ನಡೆಸುತ್ತಿದ್ದ ಕಂಪ್ಯೂಟರ್ ಕೆಟ್ಟು ಎಂಟು ದಿನವಾಗಿತ್ತು.

ಸೋಮಶೇಖರ ತನ್ನ ಮನೆಯಲ್ಲಿದ್ದ, ಅಷ್ಟೇ ಹಳೆಯ ಕಂಪ್ಯೂಟರ್ ತಂದು ಜೋಡಿಸಿದ. ನೆಲಕ್ಕೆ ಬಿದ್ದಿದ್ದ ದಾರದ ಉಂಡೆಗಳನ್ನೂ ಬಣ್ಣ ನೋಡಿ ಆರಿಸಿಟ್ಟ.

ಐವತ್ತರ ಗಂಡಸು. ಮದುವೆಯಾಗಿಲ್ಲ... ತಾನೂ ಒಂಟಿಯಾಗಿದ್ದ ನಲವತ್ತಾರರ ಶೈಲಾ ಆ ಉಂಡೆಗಳನ್ನೇ ನೋಡುತ್ತ ನಿಂತಳು.

"ಇದರ ತಾರೀಖಿಂದು ಒಂದ್ ಮಾತ್ ಹೇಳೂದೈತ್ರಿ..."

"ಅದೆಲ್ಲಾ ನನಗ್ಯಾಕ್ರಿ? ಯಂತ್ರ ಹೊಲದ್ರ ಸಾಕು!"

ಆಮೇಲೆ ತಿಂಗಳಿಗೆರಡು ಸಲ ಅವನು "ಸುಮ್ನ ನೋಡಿಹೋಗಾಕ" ಬರತೊಡಗಿದ. ಅವನು ಬರುವ ದಿನ ಶೈಲಾ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು.

ಮಾರ್ಚ್ ತಿಂಗಳ ಒಂದು ದಿನ ಕಂಪ್ಯೂಟರ್ ಪರದೆಯ ಮೂಲೆಯ ಹೊಸ ಫೈಲೊಂದನ್ನು ಒತ್ತಿದಾಗ ಒಂದು ಕಾಗದ ತೆರೆಯಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

"ನಿಮ್ಮ ಜೋಡಿ ಬಾಳ್ವೆ ಮಾಡಬೇಕಂತ ಆಸೆ ಐತ್ರಿ. ಎದುರಿಗೆ ಹೇಳಾಕ ಧೈರ್ಯ ಇಲ್ಲ. – ಸೋಮಶೇಖರ."

ಶೈಲಾ ಅದನ್ನು ಎರಡೆರಡು ಸಲ ಓದಿದಳು! ಆಮೇಲೆ ಫೈಲಿನ ಪಕ್ಕದ ತಾರೀಖು ನೋಡಿದಳು... 11 ಮಾರ್ಚ್ 1998.

'ಆಗ ಇವರಿಗೆ ಇಪ್ಪತ್ತೆರಡು. ಯಾರಿಗೋ ಬರೆದದ್ದು... ಅವಳಿಗಾಗಿಯೇ ಹೀಗೆ ಉಳಿದುಬಿಟ್ಟರೇನೋ!'

ಮುಂದಿನ ಸಲ ಅವನು ಬಂದಾಗ ಶೈಲಾ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಕಾದು, ಸೋಮಶೇಖರ ಚೀಲ ಎತ್ತಿಕೊಂಡ.

"ಇನ್ನ ಮ್ಯಾಲ ನಮ್ಮ ಅಂಗಡಿ ಹುಡುಗ ಉಮೇಶನ್ನ ಕಳಸ್ತೇನ್ರಿ. ನನ್ನ ಕಾಗದಕ್ಕ ಉತ್ತರ ಸಿಕ್ತು."

"ಅಕಿನ್ನ ಕೇಳ್ರಿ ಉತ್ತರಾ!" ಶೈಲಾ ಥಟ್ಟನೆ ತಲೆ ಎತ್ತಿದಳು. "ತೊಂಬತ್ತೆಂಟರಾಗ ಯಾರಿಗೋ ಬರದದ್ದಕ್ಕ ನಾನೇನ ಹೇಳ್ಲಿ?"

ಅವನು ಕಣ್ಣು ಕಣ್ಣು ಬಿಟ್ಟ. ಚೀಲ ಮೆಲ್ಲಗೆ ಕೆಳಗಿಟ್ಟ.

"ಬಾಯಾರ... ಈಗಿನ ಇಸವಿ ಹಾಕಿದ್ರ ಈ ಕಂಪ್ಯೂಟರಿಗೆ ತಿಳಿಯಂಗಿಲ್ರಿ, ನಿಂತಬಿಡ್ತೈತಿ. ಅದಕ್ಕ ಇಪ್ಪತ್ತೆಂಟು ವರ್ಷ ಹಿಂದ ಇಟ್ಟೇನಿ. ವಾರ, ತಾರೀಖು ಎರಡೂ ಹೊಂದತಾವಂತ. ಇದರ ಪಾಲಿಗೆ ಈಗ ತೊಂಬತ್ತೆಂಟ ನಡದೈತಿ!"

"ಅಂದ್ರ... ಆ ಕಾಗದ?"

"ಹೋದ ಸಲ ನೀವು ಚಹಾ ಮಾಡಾಕ ಒಳಗ ಹೋದಾಗ ಬರದದ್ರಿ."

ಶೈಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗುವೋ, ಅಳುವೋ... ಅವಳಿಗೇ ತಿಳಿಯಲಿಲ್ಲ.

"ಹುಕ್ಕೇರ್ಯಾಗ ನಿಮ್ಮ ಅಣ್ಣಾರು ಅದಾರಲ್ರಿ," ಸೋಮಶೇಖರ ಮೆಲ್ಲಗೆ ಅಂದ. "ಅವರನ್ನ ಹೋಗಿ ಕೇಳ್ಲೇನು?"

"ಕೇಳೂದು ಬ್ಯಾಡ್ರಿ," ಶೈಲಾ ಕಣ್ಣೊರೆಸಿಕೊಂಡಳು. "ನಾಳೆ ಇಬ್ಬರೂ ಹೋಗಿ, ಹೇಳಿ ಬರೂಣು."