ಸ್ವೆಟರಿನ ಮೂರನೇ ಗುಂಡಿ

ಮಧ್ಯಾಹ್ನ 12.20ಕ್ಕೆ ಠಾಣೆಗೆ ಬಂದ ದೂರನ್ನು ಓದಿ ಹೆಡ್ ಕಾನ್‌ಸ್ಟೆಬಲ್‌ಗೆ ನಗು ತಡೆಯಲಾಗಲಿಲ್ಲ. ಚಿತ್ರೀಕರಣ ನೋಡಲು ಬಂದಿದ್ದ ಹೆಂಗಸೊಬ್ಬಳು ನಾಯಕಿಯ ಮೇಲೆ ಬಿದ್ದು ಅವಳ ಸ್ವೆಟರಿನ ಗುಂಡಿ ಕಿತ್ತುಕೊಂಡಿದ್ದಾಳೆ, ವಾಪಸ್ ಕೊಡುತ್ತಿಲ್ಲ ಎಂದು ಸಿನಿಮಾದ ಮ್ಯಾನೇಜರ್ ಬರೆದುಕೊಟ್ಟಿದ್ದ.

“ಗುಂಡಿಗೂ ಎಫ್‌ಐಆರ್ ಹಾಕ್ಬೇಕಾ ಸರ್? ಎದುರಿನ ಅಂಗಡೀಲಿ ಡಜನ್‌ಗಟ್ಟಲೆ ಸಿಗುತ್ತೆ.”

“ನಗ್ಬೇಡಿ. ಶೂಟಿಂಗ್ ನಿಂತ್ರೆ ನನ್ನ ತಲೆ ಹೋಗುತ್ತೆ,” ಎಂದ ಮ್ಯಾನೇಜರ್.

ಇನ್‌ಸ್ಪೆಕ್ಟರ್ ಚಿತ್ರೀಕರಣದ ಸೆಟ್‌ಗೆ ಹೋದಾಗ ಆ ಹೆಂಗಸು ಮೇಕಪ್ ಕೋಣೆಯ ಬೆಂಚಿನ ಮೇಲೆ ಮುಷ್ಟಿ ಬಿಗಿದು ಕೂತಿದ್ದಳು. ಇನ್‌ಸ್ಪೆಕ್ಟರ್‌ಗೆ ಅವಳ ಗುರುತು ಸಿಕ್ಕಿತು. ನಾಲ್ಕು ವರ್ಷದ ಹಿಂದೆ ಅವಳ ಮಗಳು ಕಾಣೆಯಾಗಿದ್ದಳು. ತಿಂಗಳಿಗೊಮ್ಮೆ ಠಾಣೆಗೆ ಬಂದು, “ಏನಾದ್ರೂ ಗೊತ್ತಾಯ್ತಾ ಮೇಡಂ?” ಎಂದು ಕೇಳಿ ಹೋಗುತ್ತಿದ್ದ ತಾಯಿ. ಆ ಪ್ರಕರಣದ ಮೇಲೆ ಒಬ್ಬ ಚಿತ್ರಕಾರ ಚಿತ್ರಕಾದಂಬರಿ ಬರೆದಿದ್ದ. ಪುಟದ ತುಂಬ ಚಿತ್ರ, ನಡುವೆ ಒಂದೆರಡು ಮಾತು. ಅದರಲ್ಲಿ ಹುಡುಗಿ ಕೊನೆಗೆ ಮನೆಗೆ ಮರಳುತ್ತಾಳೆ. ಈಗ ಅದೇ ಸಿನಿಮಾ ಆಗುತ್ತಿತ್ತು.

“ಏನಮ್ಮ ಇದೆಲ್ಲ?”

ತಾಯಿ ಮುಷ್ಟಿ ಬಿಚ್ಚಿದಳು. ಕೆಂಪು ಗುಂಡಿ.

“ಹಸಿರು ಸ್ವೆಟರಿಗೆ ಮೂರನೇ ಗುಂಡಿ ಮಾತ್ರ ಕೆಂಪು ಅಂತ ಇವರಿಗೆ ಹೇಳಿದ್ಯಾರು ಮೇಡಂ?”

“ನೀವೇ ಹೇಳಿರ್ಬಹುದಲ್ವಾ?”

“ನನಗೇ ಮರೆತುಹೋಗಿತ್ತು! ಅವತ್ತು ಬೆಳಿಗ್ಗೆ ಗುಂಡಿ ಬಿದ್ದುಹೋಯ್ತು. ಬಸ್ಸು ತಪ್ಪುತ್ತೆ ಬಿಡಮ್ಮ ಅಂತಿದ್ಲು. ಬಾಗಿಲಲ್ಲೇ ನಿಲ್ಲಿಸಿ, ಮೈಮೇಲೆ ಇದ್ದ ಹಾಗೇ ಹಳೇ ರವಿಕೇದೊಂದು ಕೆಂಪು ಗುಂಡಿ ಹೊಲಿದೆ. ಹೋದವಳು ಬರ್ಲಿಲ್ಲ. ಇವತ್ತು ಆ ಹುಡುಗಿ ಮೈಮೇಲೆ ಕಂಡಾಗ...”

ಹಳೆಯ ದೂರಿನಲ್ಲಿ ‘ಹಸಿರು ಸ್ವೆಟರ್’ ಎಂದಷ್ಟೇ ಇತ್ತು. ಗುಂಡಿಯ ಸುದ್ದಿಯೇ ಇರಲಿಲ್ಲ.

ಉಡುಪಿನ ಹೊಣೆ ಹೊತ್ತಿದ್ದವಳು ಗಾಬರಿಯಾಗಿದ್ದಳು. “ಪುಸ್ತಕ ಕಪ್ಪು ಬಿಳುಪು ಮೇಡಂ. ಕ್ಯಾಮೆರಾಗೆ ಬಣ್ಣ ಬೇಕಲ್ಲ, ಹಾಗಾಗಿ ಪ್ರತಿಯೊಂದಕ್ಕೂ ಚಿತ್ರಕಾರರನ್ನೇ ಕೇಳಿದೆ. ಬಾಗಿಲು, ಬಸ್ಸು, ಗೋಡೆ, ಎಲ್ಲದಕ್ಕೂ ‘ನಿಮ್ಮಿಷ್ಟ’ ಅಂದ್ರು. ಸ್ವೆಟರಿಗೆ ಎಲ್ಲಾ ಹಸಿರು ಗುಂಡಿ ಹಾಕಿಸಿ ಫೋಟೋ ಕಳಿಸಿದ್ದಕ್ಕೆ ಮಾತ್ರ ಫೋನ್ ಮಾಡಿ ಬೈದ್ರು. ಮೂರನೇದು ಕೆಂಪು, ಬದಲಾಯಿಸು ಅಂತ ಒಂದೇ ಹಠ.”

ಸ್ವೆಟರನ್ನೂ ಗುಂಡಿಯನ್ನೂ ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ಪುಸ್ತಕದಲ್ಲಿ ಗುಂಡಿಗಳೆಲ್ಲ ಒಂದೇ ತರದ ಕಪ್ಪು ಚುಕ್ಕೆಗಳು. ಹೆಡ್ ಕಾನ್‌ಸ್ಟೆಬಲ್ ಈಗ ನಗುತ್ತಿರಲಿಲ್ಲ.

“ಪುಸ್ತಕ ಬರೀವಾಗ ಆ ಚಿತ್ರಕಾರ ನಮ್ಮನೆಗೆ ಬರ್ತಿದ್ದ ಮೇಡಂ,” ತಾಯಿ ಹೇಳಿದಳು. “ಅಕ್ಕಾ ಅಂತಿದ್ದ. ನನ್ ಜೊತೆ ಕೂತು ಅತ್ತಿದ್ದಾನೆ. ಅವಳ ಕೋಣೇನ ನಾನೇ ತೆಗೆದು ತೋರಿಸಿದ್ದೆ.”

ಸಂಜೆ 4.45ಕ್ಕೆ ಚಿತ್ರಕಾರನ ಮನೆ. ಅವನು ಮೇಜಿನ ಮುಂದೆ ಕುಂಚ ಒರೆಸುತ್ತಿದ್ದ.

“ಸ್ವೆಟರಿನ ಬಣ್ಣ ಹೇಗೆ ಗೊತ್ತಾಯ್ತು?”

“ಪೇಪರಲ್ಲಿ ಬಂದಿತ್ತಲ್ಲ.”

“ಗುಂಡಿ?”

“ಅಕ್ಕ ಹೇಳಿರ್ಬೇಕು.”

“ಅಕ್ಕನಿಗೆ ನೆನಪಾಗಿದ್ದೇ ಇವತ್ತು.”

“ಹಾಗಾದ್ರೆ ಫೋಟೋದಲ್ಲಿ...”

“ಹೊಲಿದಿದ್ದು ಅವಳು ಕಾಣೆಯಾದ ದಿನ ಬೆಳಿಗ್ಗೆ. ಫೋಟೋ ಎಲ್ಲಿಂದ ಬಂತು?”

ಒಣಗಿದ್ದ ಕುಂಚವನ್ನು ಅವನು ಒರೆಸುತ್ತಲೇ ಇದ್ದ.

“ಕತೆ ಬದಲಾಯಿಸಿದ್ರು. ಹಾಡು ಸೇರಿಸಿದ್ರು. ಎಲ್ಲಾ ಸಹಿಸ್ಕೊಂಡೆ ಮೇಡಂ,” ಎಂದ ಕೊನೆಗೆ. “ಅವಳನ್ನ ಮಾತ್ರ ತಪ್ಪಾಗಿ ತೋರಿಸೋದು ನೋಡೋಕಾಗ್ಲಿಲ್ಲ.”

6.10ಕ್ಕೆ ಅವನನ್ನು ಬಂಧಿಸಲಾಯಿತು. ಮರುದಿನ ಅವನೇ ದಾರಿ ತೋರಿಸಿದ. ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಪಂಚರ ಎದುರು ಅವಶೇಷಗಳನ್ನು ಹೊರತೆಗೆದರು.

ಅವನು ಕೊಲ್ಲಬೇಕೆಂದು ಹೊರಟವನಲ್ಲ. ತಿರುವಿನಲ್ಲಿ ಅವನ ಕಾರು ಹುಡುಗಿಗೆ ಬಡಿದಿತ್ತು. ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಯ ಗೇಟಿನವರೆಗೂ ಹೋಗಿದ್ದ. ಅಲ್ಲಿ ಪೊಲೀಸ್ ಜೀಪು ನಿಂತಿತ್ತು. ಕುಡಿದಿದ್ದ ಅವನಿಗೆ ಸಿಕ್ಕಿಬೀಳುವ ಭಯವಾಯಿತು. ಕಾರು ತಿರುಗಿಸಿದ. ಪುಸ್ತಕದಲ್ಲಾದರೂ ಅವಳನ್ನು ಮನೆ ಮುಟ್ಟಿಸೋಣ ಅನ್ನಿಸಿತು ಎಂದು ಹೇಳಿಕೆಯಲ್ಲಿ ಬರೆಸಿದ.

ನಾಳೆ ನ್ಯಾಯಾಲಯದಲ್ಲಿ ಯಾರೋ ಇದನ್ನು ಓದುತ್ತಾರೆ, ಅದಕ್ಕಿಂತ ತಾನೇ ಹೇಳುವುದು ಮೇಲು ಎಂದುಕೊಂಡು ಇನ್‌ಸ್ಪೆಕ್ಟರ್ ತಾಯಿಯ ಮನೆಗೆ ಹೋದರು. ಒಂದನ್ನೂ ಮುಚ್ಚಿಡಲಿಲ್ಲ.

“ಗೇಟಿನ ಹತ್ರ ಉಸಿರಿತ್ತಾ?”

“ಇತ್ತಂತೆ.”



“ಜೀಪು ಅವನನ್ನ ಹಿಡಿಯೋಕೆ ನಿಂತಿತ್ತಾ?”

“ಇಲ್ಲಮ್ಮ. ಆಗಿನ್ನೂ ಯಾರಿಗೂ ಏನೂ ಗೊತ್ತಿರ್ಲಿಲ್ಲ.”

“ಮತ್ಯಾಕೆ?”

“ಗಸ್ತಿನವರು ಟೀ ಕುಡಿಯೋಕೆ ಅಲ್ಲಿ ನಿಲ್ಲಿಸ್ತಾರೆ,” ಎಂದರು ಇನ್‌ಸ್ಪೆಕ್ಟರ್. “ದಿನಾ.”